ಸಿಗದಿರಲಿ ಎಂದು ಹುಡುಕುವ ಜಾಹಿದಾ

ಬೆಳಗಿನ ಐದೂಮುಕ್ಕಾಲು. ದೇವನಹಳ್ಳಿಯ ಹೊರವಲಯದಲ್ಲಿ ಡಿಸೆಂಬರಿನ ಮಂಜು ಇನ್ನೂ ಕರಗಿಲ್ಲ. ವಿಮಾನವೊಂದು ಮಾತ್ರ ಆಗಲೇ ಕೆಲಸಕ್ಕೆ ಹೊರಟು ನಮ್ಮ ನೆತ್ತಿಯ ಮೇಲೆಯೇ ಹಾದು ಹೋಗುತ್ತದೆ. ರೇಷ್ಮೆ ಬಿತ್ತನೆ ಕೋಠಿಯ ಬಾಗಿಲಲ್ಲಿ ಬಿಳಿ ಕೋಟು ತೊಟ್ಟು, ತಲೆಗೆ ಬಿಳಿ ಬಟ್ಟೆ ಬಿಗಿದ ಹೆಂಗಸೊಬ್ಬರು ನಿಂತಿದ್ದಾರೆ. ನಮಸ್ಕಾರ ಎನ್ನುತ್ತಾ ಹತ್ತಿರ ಹೋಗುತ್ತೇನೆ. ಅವರು ನಮಸ್ಕಾರಕ್ಕೆ ಮೊದಲು ಮೂಗರಳಿಸಿ ಗಾಳಿ ಮೂಸುತ್ತಾರೆ.

"ಸೆಂಟ್ ಹಾಕ್ಕೊಂಡ್ ಬಂದಿದೀರ ಸಾರ್. ಒಳಗೆ ಬಿಡಕ್ಕಾಗಲ್ಲ. ಹಿಂದಗಡೆ ನಲ್ಲಿ ಇದೆ, ಚೆನ್ನಾಗಿ ತೊಳ್ಕೊಂಡ್ ಬನ್ನಿ. ಸೋಪು ಹಾಕ್ಬೇಡಿ, ಅದೂ ವಾಸ್ನೆ."

ಇಪ್ಪತ್ತು ವರ್ಷದ ಪತ್ರಿಕಾ ವೃತ್ತಿಯಲ್ಲಿ ಮಂತ್ರಿಗಳ ಮನೆಯ ಬಾಗಿಲಲ್ಲಿ ಕಾದಿದ್ದೇನೆ, ಗದರಿಸಿಕೊಂಡಿದ್ದೇನೆ. ಚಳಿಯಲ್ಲಿ ಅಂಗಿ ಬಿಚ್ಚಿಸಿದವರು ಇವರೊಬ್ಬರೇ. ಹಲ್ಲು ಕಟಕಟಿಸುತ್ತಾ ವಾಪಸು ಬಂದು, ಒಂಚೂರು ಸೆಂಟಿನಿಂದ ಏನು ಮಹಾ ಆಗುತ್ತದೆ ಎಂದು ಕೇಳುತ್ತೇನೆ.

"ಗಂಡು ಚಿಟ್ಟೆಗೆ ಕಣ್ಣಿಗಿಂತ ಮೂಗೇ ಮುಂದು ಸಾರ್. ಹೆಣ್ಣಿನ ವಾಸ್ನೆ ಹಿಡಿದೇ ಅದು ಬರೋದು. ಆಮೇಲೆ ನಿಮ್ಮ ವಾಸ್ನೆ ಹಿಡ್ಕೊಂಡು ನಿಮ್ಮತ್ರ ಬಂದ್ರೆ ನಾನೇನ್ ಮಾಡ್ಲಿ?" ಎಂದು ನಕ್ಕು, ಒಳಗೆ ಬಿಡುತ್ತಾರೆ.

ಇವರು ಜಾಹಿದಾ. ವಯಸ್ಸು ಐವತ್ತಾರು. ರೈತರಿಗೆ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸಿ ಕೊಡುವ ಈ ಖಾಸಗಿ ಕೋಠಿಯಲ್ಲಿ ಇಪ್ಪತ್ತಾರು ವರ್ಷದಿಂದ ತಾಯಿ ಚಿಟ್ಟೆಗಳನ್ನು ಪರೀಕ್ಷೆ ಮಾಡುತ್ತಿದ್ದಾರೆ. ನಾವು ಉಡುವ ರೇಷ್ಮೆ ಸೀರೆಯ ಹಿಂದೆ ನೇಕಾರರಿದ್ದಾರೆ ಎಂದು ಗೊತ್ತು, ನೂಲು ಬಿಚ್ಚುವವರು, ಹುಳು ಸಾಕುವವರು ಇದ್ದಾರೆ ಎಂದೂ ಗೊತ್ತು. ಅವರೆಲ್ಲರಿಗಿಂತ ಮೊದಲು ಒಬ್ಬರು ಕೂತು, ಆ ಹುಳುವಿನ ತಾಯಿ ಆರೋಗ್ಯವಾಗಿದ್ದಳೇ ಎಂದು ನೋಡಿರುತ್ತಾರೆ ಎನ್ನುವುದು ನನಗೂ ಈಚಿನವರೆಗೆ ಗೊತ್ತಿರಲಿಲ್ಲ.

ಒಳಗಿನ ಹಾಲ್‌ನಲ್ಲಿ ತಟ್ಟೆ ತಟ್ಟೆ ಗೂಡುಗಳು. ಚಿಟ್ಟೆಗಳು ಗೂಡು ಕೊರೆದು ಹೊರಗೆ ಬರುವುದು ನಸುಕಿನಲ್ಲೇ. ಒದ್ದೆ ರೆಕ್ಕೆ ಒಣಗಿಸಿಕೊಳ್ಳುತ್ತಾ, ಹಾರಲು ಬಾರದೆ ಬರೀ ಪಟಪಟ ಬಡಿಯುತ್ತಾ ಅಡ್ಡಾಡುತ್ತಿವೆ. ಇವತ್ತು ಜೋಡಿಯಾದವು ನಾಳೆ ಬೆಳಗಾಗುವಷ್ಟರಲ್ಲಿ ಕಾಗದದ ಮೇಲೆ ಮೊಟ್ಟೆಯಿಟ್ಟಿರುತ್ತವೆ. ಒಬ್ಬ ತಾಯಿಗೆ ನಾನೂರರಿಂದ ಐನೂರು ಮೊಟ್ಟೆ. ಇಟ್ಟು ಮುಗಿಸಿದ ತಾಯಿ ಒಂದು ಸಂಖ್ಯೆಯೊಂದಿಗೆ ಜಾಹಿದಾ ಅವರ ಮೇಜಿಗೆ ಬರುತ್ತಾಳೆ.

ಅಲ್ಲಿಂದ ಮುಂದಿನದು ಕೈಯ ಕೆಲಸ. ಚಿಟ್ಟೆಯನ್ನು ಬೆರಳುದ್ದದ ಪಿಂಗಾಣಿ ಕಲ್ಲಿನಲ್ಲಿ ಹಾಕಿ, ಎರಡು ಹನಿ ಕ್ಷಾರದ ನೀರು ಬಿಟ್ಟು ಅರೆಯಬೇಕು. ಆ ರಸದ ಒಂದು ಹನಿ ಗಾಜಿನ ಪಟ್ಟಿಗೆ, ಪಟ್ಟಿ ಮೈಕ್ರೋಸ್ಕೋಪಿನ ಕೆಳಗೆ. ದಿನಕ್ಕೆ ನೂರೆಂಬತ್ತು ಪಟ್ಟಿ, ಒಂದೊಂದು ಪಟ್ಟಿಯಲ್ಲಿ ಐದು ಕಡೆ ನೋಡಬೇಕು. ಅಂದರೆ ದಿನಕ್ಕೆ ಒಂಬೈನೂರು ಸಲ ಅವರ ಕಣ್ಣು ಒಂದೇ ವಸ್ತುವನ್ನು ಹುಡುಕುತ್ತದೆ. ಅದು ಗಂಟುರೋಗದ ಕಣ. ಹುಳುವಿಗೆ ಬಂದರೆ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆ, ಅಲ್ಲಿಗೆ ಬೆಳೆ ಮುಗಿಯಿತು.

"ಈ ರೋಗದ್ದು ಒಂದು ಕೆಟ್ಟ ಗುಣ ಇದೆ ಸಾರ್," ಎನ್ನುತ್ತಾರೆ ಜಾಹಿದಾ, ಕಣ್ಣು ತೆಗೆಯದೆ. "ತಾಯಿ ಹೊಟ್ಟೇಲೇ ಮೊಟ್ಟೆಗೆ ಇಳ್ದುಬಿಡುತ್ತೆ. ಮೊಟ್ಟೆ ನೋಡಿದ್ರೆ ಚೆನ್ನಾಗೇ ಇರುತ್ತೆ, ಮರಿನೂ ಆಗುತ್ತೆ, ನಾಲ್ಕು ದಿನ ಸೊಪ್ಪೂ ತಿನ್ನುತ್ತೆ. ಆಮೇಲೆ ರೈತ ತಲೆ ಮೇಲೆ ಕೈ ಹೊತ್ಕೋಬೇಕು. ಅದಕ್ಕೇ ಮಕ್ಕಳನ್ನ ನೋಡಿ ಏನೂ ಗೊತ್ತಾಗಲ್ಲ, ಅಮ್ಮನ್ನೇ ನೋಡ್ಬೇಕು."

ಅಪ್ಪನನ್ನು ಯಾಕೆ ನೋಡುವುದಿಲ್ಲ ಎಂದು ಕೇಳುತ್ತೇನೆ. ಪಕ್ಕದ ಮೇಜಿನಲ್ಲಿ ಎರಡನೇ ಪರೀಕ್ಷಕಿ ವಾಣಿಶ್ರೀ ಕಿಸಕ್ಕನೆ ನಗುತ್ತಾರೆ. "ಅಪ್ಪನಿಂದ ಈ ರೋಗ ಮೊಟ್ಟೆಗೆ ಬರಲ್ಲ ಸಾರ್. ಗಂಡಸರಿಗೆ ಇದೊಂದು ವಿಷಯದಲ್ಲಿ ಕ್ಲೀನ್ ಸರ್ಟಿಫಿಕೇಟು."

ನಾನು ಹೋದ ದಿನ ಸಾಮಾನ್ಯ ದಿನವಾಗಿರಲಿಲ್ಲ. ಕೋಠಿಯ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಇನ್ನೊಬ್ಬ ಹೆಂಗಸು ಮೊದಲ ಬಸ್ಸಿಗೇ ಬಂದು ಕೂತಿದ್ದಾರೆ. ಮಡಿಲಲ್ಲಿ ಅವರೆಕಾಯಿ ಸುರಿದುಕೊಂಡು ಸುಲಿಯುತ್ತಿದ್ದಾರೆ, ಆದರೆ ಕಣ್ಣು ಕಿಟಕಿಯ ಮೇಲೆ. ಅವರು ದೊಡ್ಡಬಳ್ಳಾಪುರ ದಾರಿಯ ಹಳ್ಳಿಯೊಂದರ ಪಾಪಮ್ಮ. ಹತ್ತೊಂಬತ್ತು ವರ್ಷದಿಂದ ಈ ಕೋಠಿಗೆ ಬಿತ್ತನೆ ಗೂಡು ಬೆಳೆಯುತ್ತಿರುವವರು. ಇವತ್ತು ಜಾಹಿದಾ ಅವರ ಮೇಜಿನ ಮೇಲಿರುವ ನೂರೆಂಬತ್ತೂ ತಾಯಂದಿರು ಪಾಪಮ್ಮನ ಮನೆಯವರು.

ಅವರ ಬೆಳೆಯ ಪರೀಕ್ಷೆ ಮೂರು ದಿನದ್ದು. ಮೊನ್ನೆಯದೂ ನಿನ್ನೆಯದೂ ಚೊಕ್ಕ ಬಂದಿದೆ. ಇವತ್ತು ಕೊನೆಯದು. ಬಿತ್ತನೆಗಾಗಿ ಬೆಳೆದ ಗೂಡಾದ್ದರಿಂದ ಈ ಕೋಠಿಯ ನಿಯಮ ಬಿಗಿ: ಒಬ್ಬಳೇ ಒಬ್ಬ ತಾಯಿಯಲ್ಲಿ ಕಣ ಕಂಡರೂ ಮೂರು ದಿನದ ಮೊಟ್ಟೆಯೆಲ್ಲ ಬೆಂಕಿಗೆ. ಎರಡನೇ ಸಲ ಹಾಗಾದರೆ ಬೆಳೆಗಾರರ ಪಟ್ಟಿಯಿಂದಲೇ ಹೆಸರು ತೆಗೆಯುತ್ತಾರೆ. ಪಾಪಮ್ಮನದು ಒಂದು ಸಲ ಆಗಿಹೋಗಿದೆ. ಕಳೆದ ಏಪ್ರಿಲ್‌ನಲ್ಲಿ ಅದನ್ನು ಹಿಡಿದವರು ಜಾಹಿದಾ.

"ಅವತ್ತು ಈಯಮ್ಮನ್ನ ನಾನು ಬಾಯಿಗೆ ಬಂದಂಗೆ ಅಂದ್ಬಿಟ್ಟೆ," ಎಂದು ಪಾಪಮ್ಮ ಬೆಂಚಿನ ಮೇಲೆ ಸರಿದು ನನಗೆ ಜಾಗ ಮಾಡಿಕೊಡುತ್ತಾರೆ. "ನನ್ ಹುಳಕ್ಕೆ ರೋಗ ಅಂತೀಯಾ, ನಿನ್ ಗಾಜಿಗೇ ರೋಗ ಬಂದಿರ್ಬೇಕು ಅಂದೆ. ಮೂರ್ ತಿಂಗ್ಳು ಈ ಕಡೆ ತಲೆ ಹಾಕಿ ಮಲಗ್ಲಿಲ್ಲ."

ಮೂರು ತಿಂಗಳಾದ ಮೇಲೆ ಸಿಟ್ಟು ಇಳಿಯದೆಯೇ ಬಂದರಂತೆ, ತೋರಿಸು ನೋಡೋಣ ಎಂದು ಜಗಳಕ್ಕೆ. ಜಾಹಿದಾ ಎತ್ತಿಟ್ಟಿದ್ದ ಹಳೆಯ ಪಟ್ಟಿಯೊಂದನ್ನು ಮೈಕ್ರೋಸ್ಕೋಪಿಗೆ ಸಿಕ್ಕಿಸಿ, ಪಾಪಮ್ಮನ ಕೈ ತೊಳೆಸಿ, ಸ್ಟೂಲಿನ ಮೇಲೆ ಕೂರಿಸಿದರು. ಪಾಪಮ್ಮನಿಗೆ ಮೊದಲು ಕಂಡಿದ್ದು ತಮ್ಮದೇ ರೆಪ್ಪೆಗೂದಲು. ಆಮೇಲೆ ಕಂಡವು, ನುಚ್ಚಕ್ಕಿ ಚೆಲ್ಲಿದ ಹಾಗೆ, ಹೊಳೆಯುವ ಮೊಟ್ಟೆಯಾಕಾರದ ಕಾಳುಗಳು.

"ಇಷ್ಟು ಚೆಂದಾಗಿರ್ತವಾ ಅಂದ್ಲು ಸಾರ್!" ಎಂದು ಜಾಹಿದಾ ನೆನೆದು ನಗುತ್ತಾರೆ. "ಆಮೇಲೆ ಅತ್ಲು. ನಾನು ಒಂದೇ ಮಾತು ಹೇಳ್ದೆ. ಪಾಪಕ್ಕಾ, ತಾಯಿ ಚಿಟ್ಟೇದು ಇದ್ರಲ್ಲಿ ತಪ್ಪೇನೂ ಇಲ್ಲ. ಅದನ್ನ ಎಲ್ಲಿಟ್ಟಿದ್ವಿ, ಅದರ ಪಕ್ಕ ಏನಿತ್ತು ಅಂತ ನಾವೇ ನೆನಪು ಮಾಡ್ಕೋಬೇಕು."

ಇಬ್ಬರೂ ಕೂತು ಒಂದೊಂದೇ ದಿನ ಹಿಂದಕ್ಕೆ ಹೋದರು. ಮೊಟ್ಟೆ ಎಲ್ಲಿಂದ ಬಂತು, ತಟ್ಟೆ ಯಾವಾಗ ತೊಳೆದದ್ದು, ಸೊಪ್ಪು ಯಾವ ತೋಟದ್ದು. ಎಲ್ಲ ಸರಿಯಾಗಿತ್ತು. ಕೊನೆಗೆ ಪಾಪಮ್ಮನೇ ಬಾಯಿ ಬಿಟ್ಟರು. ಮೂರನೇ ಜ್ವರ ಎದ್ದ ಹೊತ್ತಿನಲ್ಲಿ, ಅಂದರೆ ಹುಳು ಮೂರನೇ ಸಲ ಪೊರೆ ಬಿಟ್ಟು ಹೊಟ್ಟೆ ಹಸಿದಿರುವಾಗ, ಓರಗಿತ್ತಿ ಅಮ್ಮಯಮ್ಮನ ತೋಟದಲ್ಲಿ ಸೊಪ್ಪು ಸಾಲದೆ ಹೋಯಿತು. ಅಮ್ಮಯಮ್ಮ ಎರಡು ತಟ್ಟೆ ಹುಳು ಹೊತ್ತು ತಂದರು. ಪಾಪಮ್ಮ ಒಳಗಿಟ್ಟುಕೊಂಡು ತಮ್ಮ ಹುಳುವಿನ ಜೊತೆಗೇ ಸೊಪ್ಪು ಹಾಕಿದರು.

ಈ ಭಾಗದ ಹುಳು ಮನೆಗಳಲ್ಲಿ ಇದು ನೆರೆಹೊರೆಯ ಮರ್ಯಾದೆ. ಸೊಪ್ಪು ಮುಗಿದವರು ಹುಳುವನ್ನು ತಿಪ್ಪೆಗೆ ಚೆಲ್ಲುವುದಿಲ್ಲ, ಸೊಪ್ಪಿರುವ ಮನೆಗೆ ಒಯ್ಯುತ್ತಾರೆ. ಅವರು ಬೇಡ ಎನ್ನುವುದಿಲ್ಲ. ಪಾಪಮ್ಮ ಇವತ್ತಿಗೂ ಅದನ್ನು ತಪ್ಪು ಎಂದು ಒಪ್ಪಲು ಸಿದ್ಧರಿಲ್ಲ. "ಹಸ್ಕೊಂಡ್ ಬಂದಿರೋ ಜೀವಕ್ಕೆ ಇಲ್ಲ ಅನ್ನಕ್ಕಾಯ್ತದಾ ನೀವೇ ಹೇಳಿ? ನಾಲ್ಕ್ ಜನ ಕೇಳುದ್ರೆ ಉಗಿಯಲ್ವಾ?"

ಆದರೆ ಅಮ್ಮಯಮ್ಮನದು ನೂಲಿಗಾಗಿ ಬೆಳೆಯುವ ಹುಳು. ಅದರಲ್ಲಿ ಸಣ್ಣಗೆ ಸೇರಿಕೊಂಡಿದ್ದ ರೋಗ ಅಲ್ಲಿ ಇದ್ದಿದ್ದರೆ ನಾಲ್ಕು ಗೂಡು ಕಮ್ಮಿಯಾಗಿ ಮುಗಿಯುತ್ತಿತ್ತು. ಬಿತ್ತನೆಯ ಮನೆಗೆ ಬಂದದ್ದರಿಂದ ತಾಯಂದಿರಿಗೆ ಹತ್ತಿತು, ತಾಯಂದಿರಿಂದ ಲಕ್ಷ ಲಕ್ಷ ಮಕ್ಕಳಿಗೆ ಹೊರಟಿತ್ತು. ಜಾಹಿದಾ ನಡುವೆ ನಿಂತು ತಡೆದರು. ತಡೆಯದಿದ್ದರೆ ಎಷ್ಟು ಮನೆಯಲ್ಲಿ ಬೆಳೆ ಹೋಗುತ್ತಿತ್ತು ಎಂದು ಕೋಠಿಯ ಮಾಲೀಕ ಮುನೀಂದ್ರ ಅವರನ್ನು ಕೇಳಿದೆ. "ಲೆಕ್ಕ ಹಾಕಿ ನಾನ್ಯಾಕೆ ನಿದ್ದೆ ಕೆಡಿಸ್ಕೊಳ್ಳಲಿ ಬಿಡಿ ಸಾರ್, ಅಕ್ಕ ಇದಾರಲ್ಲ," ಎಂದು ಕೈ ಮುಗಿದರು.

ಪರಿಹಾರ ಹೇಳಿಕೊಟ್ಟವರೂ ಜಾಹಿದಾ. ಪಾಪಮ್ಮನಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ ಎಂದು ಅವರಿಗೆ ಗೊತ್ತು. "ಹುಳ ನಿನ್ ಮನೇಗೆ ಬರೋದ್ ಬೇಡ ಪಾಪಕ್ಕಾ, ಸೊಪ್ಪೇ ಅವರ ಮನೇಗೆ ಹೋಗ್ಲಿ," ಎಂದರು. ಈ ಸಲ ಪಾಪಮ್ಮ ಅಮ್ಮಯಮ್ಮನ ಬಾಗಿಲಿಗೆ ದಿನಾ ಒಂದು ಹೊರೆ ಹಿಪ್ಪುನೇರಳೆ ಸೊಪ್ಪು ಹೊತ್ತು ಹಾಕಿದ್ದಾರೆ, ಹೊಸಿಲು ದಾಟದೆ. ಓರಗಿತ್ತಿ ಮೊದಲು ಮುಖ ಊದಿಸಿಕೊಂಡರಂತೆ. ಹೊರೆ ನಾಲ್ಕನೇ ದಿನವೂ ಬಂದಾಗ ಕಾಫಿ ಕೊಟ್ಟರಂತೆ, ಅದೂ ಹೊಸಿಲಾಚೆಯೇ. ಹೀಗೆ ಕಾಪಾಡಿದ ಹುಳುವಿನ ತಾಯಂದಿರೇ ಇವತ್ತು ಪರೀಕ್ಷೆಗೆ ಬಂದಿರುವುದು.

ಜಾಹಿದಾ ಅವರ ತಾಯಿ ಇಲ್ಲೇ ಪಕ್ಕದ ವಿಜಯಪುರದಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸದಲ್ಲಿದ್ದವರು. ಸೌದೆ ಒಲೆಯ ಹೊಗೆ, ಕುದಿಯುವ ನೀರಿನ ಹಬೆ, ಬೆಂದ ಹುಳುವಿನ ನಾತ, ಅದರ ಮಧ್ಯೆ ಒಂಬತ್ತು ತಿಂಗಳು ತುಂಬುವವರೆಗೂ ಕೂತಿದ್ದರಂತೆ. ಹುಟ್ಟಿದಾಗ ಜಾಹಿದಾ ಎರಡು ಕೆ.ಜಿ.ಯೂ ಇರಲಿಲ್ಲ. ಹನ್ನೆರಡು ವರ್ಷದವರೆಗೆ ಚಳಿಗಾಲ ಬಂತೆಂದರೆ ಉಬ್ಬಸ.

"ಡಾಕ್ಟ್ರು ಹೊಗೆಯಿಂದ ಇರ್ಬಹುದು ಅಂದ್ರು. ಅಮ್ಮಿ ಸಾಯೋವರ್ಗೂ ತನ್ನಿಂದಾನೇ ಆಯ್ತು ಅಂತ ಕೊರಗ್ತಿದ್ಲು. ನಾನು ಬೈಯ್ತಿದ್ದೆ. ಅಮ್ಮೀ, ನೀನೇನ್ ಆಸೆ ಪಟ್ಟು ಹೊಗೆ ಕುಡುದ್ಯಾ? ಕೂರೋಕೆ ಬೇರೆ ಜಾಗ ಯಾರ್ ಕೊಟ್ಟಿದ್ರು ನಿಂಗೆ?" ಜಾಹಿದಾ ಅವರ ಸ್ವರ ಒಂದು ಕ್ಷಣ ಮೆತ್ತಗಾಗುತ್ತದೆ. ಆಮೇಲೆ ತಮ್ಮ ಮೂಗು ಮುಟ್ಟಿ ತೋರಿಸುತ್ತಾರೆ. "ಈ ಮೂಗು ಮಾತ್ರ ಅವಳದ್ದೇ. ಮಳೆ ಬರೋ ವಾಸ್ನೆ ಅರ್ಧ ದಿನ ಮುಂಚೇನೇ ಹೇಳ್ತಿದ್ಲು."

ಆ ಮೂಗಿನ ಕಾಟ ಅನುಭವಿಸುವವರು ಮನೆಯಲ್ಲೂ ಇದ್ದಾರೆ. ಯಜಮಾನರು ಶಫೀವುಲ್ಲಾ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುತ್ತಾರೆ, ಅತ್ತರು ಎಂದರೆ ಪ್ರಾಣ. ಆದರೆ ಅದಕ್ಕೆ ವಾರಕ್ಕೊಂದೇ ದಿನ ಅನುಮತಿ, ಜಾಹಿದಾ ರಜೆಯಿರುವ ಶುಕ್ರವಾರ. "ಉಳಿದ ಆರು ದಿನ ನಾನು ಪೆಟ್ರೋಲ್ ವಾಸ್ನೆ, ಇವಳು ಬ್ಲೀಚಿಂಗ್ ಪೌಡರ್ ವಾಸ್ನೆ. ಹಿಂಗೇ ಮೂವತ್ತೆರಡು ವರ್ಷ ಸಂಸಾರ ಮಾಡಿದೀವಿ," ಎಂದು ಅವರು ಫೋನಿನಲ್ಲಿ ದೂರು ಕೊಟ್ಟರು. ದೂರಿನಲ್ಲಿ ಹೆಮ್ಮೆಯೇ ಜಾಸ್ತಿಯಿತ್ತು.

ಮಗಳು ತಂಜೀಲಾ ಹೆರಿಗೆಗೆಂದು ತವರಿಗೆ ಬಂದಿದ್ದಾಳೆ, ಈಗ ಏಳು ತಿಂಗಳ ಬಸುರಿ. ಅವಳು ಬಂದ ದಿನವೇ ಮನೆಯಿಂದ ಸೊಳ್ಳೆ ಬತ್ತಿ ಗಡೀಪಾರಾಯಿತು. ಪಕ್ಕದ ಮನೆಯವರು ಕಸ ಸುಟ್ಟರೆ ಜಾಹಿದಾ ಕೊಡದಲ್ಲಿ ನೀರು ಹಿಡಿದು ಓಡುತ್ತಾರೆ. ಊಟ, ನಿದ್ದೆ, ಹಗಲು ಬೆಳಕಿನಲ್ಲಿ ಅರ್ಧ ಗಂಟೆ ಓಡಾಟ, ಎಲ್ಲಕ್ಕೂ ಗಡಿಯಾರ. "ಅಮ್ಮೀ, ನಾನೇನು ಚಿಟ್ಟೇನಾ ಅಂತ ಕೇಳ್ತಾಳೆ," ಎನ್ನುತ್ತಾರೆ. "ಹೌದು ಕಣೇ ಅಂತೀನಿ. ಚಿಟ್ಟೆಗಿರ್ಲಿ, ಕೋಳಿಗಿರ್ಲಿ, ಮನುಷ್ಯರಿಗಿರ್ಲಿ, ಅಮ್ಮಂಗೆ ಸಿಕ್ಕಿದ್ದೇ ಮಗೂಗೂ ಮೊದಲ್ನೇ ಊಟ."

ಹೀಗೆಂದು ಒಂದು ಸೋಜಿಗವನ್ನೂ ಹೇಳುತ್ತಾರೆ. ಪಾಪಮ್ಮ ಬೆಳೆಯುವುದು ದ್ವಿತಳಿ, ಅಂದರೆ ಸ್ವಭಾವತಃ ವರ್ಷಕ್ಕೆ ಎರಡು ಪೀಳಿಗೆ ಕಾಣುವ ಹುಳು; ಅದರ ಮೊಟ್ಟೆಯಲ್ಲಿ ಎರಡು ಬಗೆ. ಕೆಲವು ಹತ್ತು ಹನ್ನೊಂದು ದಿನಕ್ಕೆ ಮರಿಯಾಗುತ್ತವೆ, ಕೆಲವು ತಿಂಗಳುಗಟ್ಟಲೆ ನಿದ್ದೆ ಮಾಡುತ್ತವೆ. ನಿದ್ದೆ ಹೋಗಬೇಕೇ ಬೇಡವೇ ಎನ್ನುವುದು ಬಹುಮಟ್ಟಿಗೆ ಅವುಗಳ ತಾಯಿ ತಾನೇ ಮೊಟ್ಟೆಯಾಗಿದ್ದಾಗ ಎಷ್ಟು ಬಿಸಿ, ಎಷ್ಟು ಬೆಳಕು ಕಂಡಿತ್ತು ಎನ್ನುವುದರ ಮೇಲೆ ನಿಂತಿದೆ. ಬೆಚ್ಚಗೆ, ಬೆಳಕಿನಲ್ಲಿ ಬೆಳೆದ ಮೊಟ್ಟೆ ಮುಂದೆ ತಾಯಾದಾಗ ನಿದ್ದೆ ಹೋಗುವ ಮೊಟ್ಟೆ ಇಡುತ್ತದೆ. ಎಂಟನೇ ತರಗತಿಗೆ ಶಾಲೆ ಬಿಟ್ಟ ಹೆಂಗಸು ಇದನ್ನು ಎಷ್ಟು ಸಲೀಸಾಗಿ ಹೇಳಿಬಿಟ್ಟರೆಂದರೆ, ನಾನು ಬರೆದುಕೊಳ್ಳುವುದನ್ನೇ ಮರೆತು ಕೂತಿದ್ದೆ.

ಗಂಟೆ ಹನ್ನೊಂದಾಗುತ್ತದೆ. ನೂರಹದಿಮೂರು ಪಟ್ಟಿ ಮುಗಿದಿದೆ. ನೂರಹದಿನಾಲ್ಕನ್ನು ಸಿಕ್ಕಿಸಿದ ಜಾಹಿದಾ ಇದ್ದಕ್ಕಿದ್ದಂತೆ ಮಾತು ನಿಲ್ಲಿಸುತ್ತಾರೆ. ತಿರುಪು ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ. ಒಂದು ನಿಮಿಷ, ಎರಡು ನಿಮಿಷ. ನನಗೆ ಕಿಟಕಿಯಾಚೆ ಪಾಪಮ್ಮ ಕಾಣುತ್ತಾರೆ. ಸಿಪ್ಪೆ ಬಿಸಾಡಲು ಎತ್ತಿದ ಅವರ ಕೈ ಅಲ್ಲೇ ನಿಂತಿದೆ. ಕಿಟಕಿಯ ಈಚೆಗಿನ ತಲೆ ಯಾವ ಪಟ್ಟಿಗೆ ಎಷ್ಟು ಹೊತ್ತು ಬಾಗಿರುತ್ತದೆ ಎನ್ನುವ ಅಂದಾಜು ಮೂರು ದಿನದಿಂದ ಇಲ್ಲೇ ಬಂದು ಕೂರುತ್ತಿರುವ ಅವರಿಗೆ ಬಂದುಬಿಟ್ಟಿದೆ.

"ವಾಣಿ, ಬಾ ಇಲ್ಲಿ."

ವಾಣಿಶ್ರೀ ನೋಡುತ್ತಾರೆ. ಮುಖ ಸಪ್ಪಗಾಗುತ್ತದೆ. "ಉದ್ದುದ್ದಕ್ಕಿದಾವೆ ಅಕ್ಕ."

"ಉದ್ದಕ್ಕಿರೋದೆಲ್ಲ ಅದೇ ಆಗ್ಬೇಕಾ? ಕಲ್ಲು ತೊಳ್ದಿಲ್ಲ ತಾನೆ?"

ಇದು ಜಾಹಿದಾ ಅವರದೇ ಪದ್ಧತಿ. ಪಟ್ಟಿ ನೋಡಿ ಮುಗಿಯುವವರೆಗೆ ಆ ಚಿಟ್ಟೆ ಅರೆದ ಕಲ್ಲನ್ನು ತೊಳೆಯುವ ಹಾಗಿಲ್ಲ. ಉಳಿದ ರಸದಿಂದ ಹೊಸ ಪಟ್ಟಿ ಮಾಡುತ್ತಾರೆ, ಅದು ಸಾಲದೆಂದು ಇನ್ನೊಂದು. ಗಂಟುರೋಗದ ಕಣವಾದರೆ ಎಲ್ಲವೂ ಒಂದೇ ಅಳತೆ, ಒಳಗಿನಿಂದ ಹೊಳಪು, ನೀರಿನಲ್ಲಿ ನಿಂತಲ್ಲೇ ಸಣ್ಣಗೆ ನಡುಗುತ್ತಿರುತ್ತವೆ ಎಂದು ನನಗೆ ಬೆಳಿಗ್ಗೆಯೇ ಹೇಳಿದ್ದರು. ಈಗ ಅವರ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತದೆ. ಪ್ರಾರ್ಥನೆಯೋ ಎಣಿಕೆಯೋ ಗೊತ್ತಾಗುವುದಿಲ್ಲ. ನನಗಂತೂ ಆಗ ಅಳುಕಾಗಿದ್ದು ನಿಜ. ಇವರ ಕಣ್ಣಿಗೆ ಕಂಡಿದ್ದನ್ನು ಇವರು ಮುಚ್ಚಿಡುವವರಲ್ಲ ಎಂದು ಅಷ್ಟು ಹೊತ್ತಿಗೆ ಅರ್ಥವಾಗಿತ್ತು.

ಹತ್ತು ನಿಮಿಷದ ನಂತರ ಜಾಹಿದಾ ಬೆನ್ನು ನೆಟ್ಟಗೆ ಮಾಡುತ್ತಾರೆ. "ಬೂಸ್ಟು," ಎನ್ನುತ್ತಾರೆ. "ಬರೀ ಬೂಸ್ಟಿನ ಕಣ. ಒಂದು ದಪ್ಪ, ಒಂದು ಸಣ್ಣ, ಹೊಳಪೂ ಇಲ್ಲ, ನಡುಕಾನೂ ಇಲ್ಲ. ನೀನೂ ಮೂರೂ ಪಟ್ಟಿ ನೋಡು ವಾಣಿ, ನಾನ್ ಹೇಳ್ದೆ ಅಂತ ಬರೀಬೇಡ." ವಾಣಿಶ್ರೀ ಮೂರನ್ನೂ ನೋಡಿ, ಹೌದೆಂದು ತಲೆಯಾಡಿಸಿ ಸಹಿ ಹಾಕುತ್ತಾರೆ. ಕಲ್ಲು ತೊಳೆಯಲು ಹೋಗುತ್ತದೆ. ಉಳಿದ ಅರವತ್ತಾರು ತಾಯಂದಿರೂ ಒಬ್ಬೊಬ್ಬರಾಗಿ ಬಂದು, ಚೊಕ್ಕ ಎನಿಸಿಕೊಳ್ಳುತ್ತಾರೆ.

ಇಷ್ಟು ವರ್ಷ ಒಂದೇ ವಸ್ತು ಹುಡುಕಿ ಬೇಸರವಾಗಿಲ್ಲವೇ ಎಂದು ಕೇಳುತ್ತೇನೆ. ಕನ್ನಡಕ ಒರೆಸುತ್ತಾ ಅವರು ಹೇಳುತ್ತಾರೆ: "ಎಲ್ರೂ ಸಿಗ್ಲಿ ಅಂತ ಹುಡುಕ್ತಾರೆ ಸಾರ್. ನಾನು ಸಿಗ್ದೇ ಇರ್ಲಿ ಅಂತ ಹುಡುಕ್ತೀನಿ. ದಿನಾ ಸಾಯಂಕಾಲ ಏನೂ ಸಿಗ್ಲಿಲ್ಲ ಅಂದ್ಕೊಂಡು ಖುಷಿಯಾಗಿ ಮನೇಗೆ ಹೋಗೋ ಕೆಲಸ ಬೇರೆ ಯಾವುದಿದೆ ಹೇಳಿ?"

ಮಧ್ಯಾಹ್ನ ಒಂದೂವರೆಗೆ ಜಾಹಿದಾ ಕೋಟು ಬಿಚ್ಚಿ, ಮೊಣಕೈವರೆಗೆ ತೊಳೆದುಕೊಂಡು ಗೇಟಿನ ಹತ್ತಿರ ಬರುತ್ತಾರೆ. ಪಾಪಮ್ಮ ಎದ್ದು ನಿಲ್ಲುತ್ತಾರೆ. ಮಡಿಲಿನ ಅವರೆಕಾಳು ನೆಲದ ಮೇಲೆಲ್ಲ ಚೆಲ್ಲಿಹೋಗುತ್ತದೆ.

"ಎಲ್ಲಾ ಚೊಕ್ಕ ಪಾಪಕ್ಕ. ಒಬ್ಬಳೂ ಬಿಡದಂಗೆ ನೋಡಿದೀನಿ."

ಪಾಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಜಾಹಿದಾ ಅವರ ಕೆನ್ನೆಯನ್ನು ಎರಡೂ ಕೈಯಲ್ಲಿ ಸವರಿ ಲಟಿಕೆ ಮುರಿಯುತ್ತಾರೆ. ಮೂವರೂ ಕೂತು ಕಾಳು ಆಯುತ್ತೇವೆ. ಪತ್ರಿಕೆಯವನಾಗಿ ನಾನು ಮಾಡಿದ ಉಪಯುಕ್ತ ಕೆಲಸ ಅವತ್ತು ಅದೊಂದೇ.

"ಶುಕ್ರವಾರ ನಮ್ಮನೇಗ್ ಬಾ ಜಾಹಿದಮ್ಮ," ಎನ್ನುತ್ತಾರೆ ಪಾಪಮ್ಮ. "ಅವರೆಕಾಳು ಸಾರು, ಮುದ್ದೆ. ಹಂಗೇ ಹುಳ ನೋಡ್ಕೊಂಡ್ ಹೋಗೀಯಂತೆ."

ಜಾಹಿದಾ ಆಗುವುದಿಲ್ಲ ಎಂದು ತಲೆಯಾಡಿಸುತ್ತಾರೆ. ದಿನವಿಡೀ ನೂರಾರು ಚಿಟ್ಟೆ ಅರೆಯುವ ಕೈ ಅವರದು. ಯಾವ ಊರಿನ ಯಾವ ರೋಗ ಬಟ್ಟೆಗೆ ಅಂಟಿದೆಯೋ ಹೇಳಲಾಗದು. ಕೆಲಸಕ್ಕೆ ಸೇರಿದ ದಿನವೇ ಅವರು ಹಾಕಿಕೊಂಡ ಕಟ್ಟು, ಹುಳು ಸಾಕುವ ಮನೆಗೆ ಕಾಲಿಡಬಾರದು ಎಂದು. ಹಾಗಾಗಿ ಇಪ್ಪತ್ತಾರು ವರ್ಷದಲ್ಲಿ ತಾವು ಪಾಸು ಮಾಡಿದ ಕೋಟ್ಯಂತರ ಮೊಟ್ಟೆಗಳಲ್ಲಿ ಒಂದೇ ಒಂದು ಹುಳುವಾಗಿ ಬೆಳೆದದ್ದನ್ನೂ ಅವರು ನೋಡಿಲ್ಲ. ನನಗೆ ಇದು ನಂಬಲಾಗಲಿಲ್ಲ, ಎರಡು ಸಲ ಕೇಳಿದೆ.

"ಕೊನೇ ಹಂತದಲ್ಲಿ ಸೊಪ್ಪು ತಿನ್ನೋವಾಗ ಮನೆ ತುಂಬಾ ಮಳೆ ಬಂದಂಗೆ ಸದ್ದು ಬರುತ್ತಂತಲ್ಲ ಸಾರ್," ಎನ್ನುತ್ತಾರೆ ಜಾಹಿದಾ. "ಅದೊಂದು ಕೇಳ್ಬೇಕು ಅಂತ ಆಸೆ. ಇನ್ನ ನಾಲ್ಕು ವರ್ಷ. ಅರವತ್ತಾದ್ಮೇಲೆ ಕಣ್ಣಿಗೆ ರಜಾ ಕೊಟ್ಟು, ಒಂದು ದಿನ ಪೂರ್ತಿ ಹುಳದ ಮನೇಲಿ ಕೂತ್ಕೋತೀನಿ. ಅಷ್ಟ್ರಲ್ಲಿ ಈ ಕಡೆ ಹುಳ ಮೇಯ್ಸೋರು ಯಾರಾದ್ರೂ ಉಳಿದಿದ್ರೆ."

ಪಾಪಮ್ಮನ ತೋಟದ ಮೂರು ಮಗ್ಗುಲಲ್ಲೂ ಸೈಟಿನ ಕಲ್ಲು ನೆಟ್ಟಿದ್ದಾರೆ. ನಾಲ್ಕನೆಯದಕ್ಕೂ ವಾರಕ್ಕೊಬ್ಬರು ಬಂದು ಕೇಳಿ ಹೋಗುತ್ತಾರೆ. ಅವರು ಆಯ್ದ ಅವರೆಕಾಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಗಂಟು ಹಾಕಿ, ಜಾಹಿದಾ ಅವರ ಕೈಯಲ್ಲಿಡುತ್ತಾರೆ. ಬಸ್ಸಿಗೆ ಕೈ ಅಡ್ಡ ಹಾಕಿ, ಮೆಟ್ಟಿಲು ಹತ್ತಿ, ಅಲ್ಲಿಂದಲೇ ತಿರುಗಿ ಕೂಗುತ್ತಾರೆ:

"ನಾಲ್ಕ್ ವರ್ಷ ತಾನೆ? ನೀನು ಬರೋಗಂಟ ನಾನು ಹುಳ ಮೇಯ್ಸೋದ್ ಬಿಡಲ್ಲ, ಹೋಗಮ್ಮ!"